ಬೀಳು ಬಿಟ್ಟ ಹೊಲ

ಹೊಲವನ್ನು ಉಳದೆ ಬಿತ್ತದೆ ಬೀಳು ಬಿಟ್ಟರೆ ಸರ್ಕಾರ ದುಡ್ಡು ಕೊಡುತ್ತದೆ ಎಂದರೆ ನನ್ನ ಮಾವನಿಗೆ ನಂಬಿಕೆಯೇ ಇರಲಿಲ್ಲ. ಮಣ್ಣು ಸುಧಾರಿಸಿಕೊಳ್ಳಲಿ ಎಂದು ಕೊಡುವ ಸಬ್ಸಿಡಿ ಅದು. ವರ್ಷವಿಡೀ ಒಂದು ಕಾಳೂ ಬೀಳಬಾರದು. ಬಿದ್ದರೆ ಈ ವರ್ಷದ್ದು ಹೋಗುವುದಲ್ಲದೆ ಹಿಂದೆ ತಿಂದದ್ದನ್ನೂ ಕಕ್ಕಬೇಕು. "ಕೆಲ್ಸ ಮಾಡ್ದೆ ಇರೋರಿಗೆ ಸಂಬಳ ಕೊಡೋ ಧಣಿನ ನಾನಂತೂ ನೋಡಿಲ್ಲ" ಎಂದು ಮಾವ ಗೊಣಗುತ್ತಿದ್ದರು. ಗೊಣಗಿಕೊಳ್ಳಲಿ, ಆ ದುಡ್ಡಿನಿಂದಲೇ ನಮ್ಮ ಮನೆ ನಡೆಯುತ್ತಿದ್ದದ್ದು.

ತನಿಖೆಗೆ ಅಧಿಕಾರಿ ಬರುವ ದಿನ ಬೆಳಿಗ್ಗೆ ಹೊಲವನ್ನೊಮ್ಮೆ ನೋಡಿ ಬರೋಣವೆಂದು ಹೋದೆ. ನಟ್ಟನಡುವೆ, ರಸ್ತೆಗೆ ಕಾಣದ ತಗ್ಗಿನಲ್ಲಿ, ಸಾಸಿವೆ ಮೊಳೆತು ನಿಂತಿತ್ತು. ಕಳೆ ಎಂದು ಸಾಧಿಸಲೂ ದಾರಿಯಿಲ್ಲ. ಸಾಲುಗಳು ದಾರ ಹಿಡಿದು ಎಳೆದಂತಿದ್ದವು. ಅಷ್ಟು ನೇರವಾಗಿ ಬಿತ್ತುವವರು ನಮ್ಮ ಸುತ್ತಮುತ್ತ ಒಬ್ಬರೇ, ಅವರು ಆಗ ಹಿತ್ತಿಲಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದರು.

"ಮಾವ, ಹೊಲದಲ್ಲಿ ಅದೇನು?"

"ಚಿಟಿಕೆ ಸಾಸಿವೆ ಅಷ್ಟೆ. ಮಣ್ಣು ಬರಿಮೈಲಿ ಬಿದ್ಕೊಂಡಿರೋದು ನೋಡಕ್ಕಾಗ್ಲಿಲ್ಲ."

"ಸಬ್ಸಿಡಿಯವ್ರು ಇವತ್ತೇ ಬರೋದು."

ಅವರ ಕೈ ಕೆನ್ನೆಯ ಮೇಲೆಯೇ ನಿಂತಿತು.

ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಫೋನು ಮಾಡಿದರೆ ನನ್ನ ಜೊತೆ ಅವನೂ ಹೆದರುತ್ತಾನೆ, ಅಷ್ಟೇ ಲಾಭ. ಗುದ್ದಲಿ ಹಿಡಿದು ಓಡಿದೆ. ಒಂದು ಸಾಲು ಕೀಳುವಷ್ಟರಲ್ಲಿ ಜೀಪು ಬಂದು ನಿಂತಿತು. ಇಳಿದವಳು ಹುಡುಗಿ ಪ್ರಾಯದ ಅಧಿಕಾರಿ. ಅತ್ತಿತ್ತ ನೋಡದೆ ನೆಟ್ಟಗೆ ತಗ್ಗಿಗೇ ಬಂದಳು.

"ಆಕಾಶದಿಂದ ತೆಗೆದ ಫೋಟೋದಲ್ಲೇ ಹಸಿರು ಕಾಣ್ತಿತ್ತು. ಬಿತ್ತಿದ್ದು ಯಾರು?"

ಕೈಯಲ್ಲಿ ಗುದ್ದಲಿ ಹಿಡಿದು ನಿಂತವಳು ಯಾವ ಸುಳ್ಳು ಹೇಳಿಯಾಳು? ಅಷ್ಟರಲ್ಲಿ ಮಾವ ಬದು ದಾಟಿ ಬಂದರು. ಒಂದು ಕೆನ್ನೆ ನುಣುಪು, ಇನ್ನೊಂದರ ಮೇಲೆ ಸೋಪಿನ ನೊರೆ.

"ನಾನೇ ಇರ್ಬೇಕು ತಾಯಿ. ನೆನಪಾಗ್ತಿಲ್ಲ. ನಂಗೆ ಮರೆವು" ಎಂದರು.

ಅಧಿಕಾರಿ ಆ ಕೆನ್ನೆಯನ್ನೇ ನೋಡಿದಳು. ದನಿ ಮೆತ್ತಗಾಯಿತು. "ತಿಳೀದೆ ಆಗಿದ್ರೆ ವಿನಾಯಿತಿ ಇದೆ. ಆದ್ರೆ ಮನೆಯವ್ರು ಹೇಳ್ಬೇಕು."

ಅವಳು ನನ್ನತ್ತ ತಿರುಗಿದಾಗ ಹಿಂದಿನಿಂದ ಮಾವ ಕಣ್ಣು ಮಿಟುಕಿಸಿದರು. ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ನಮಗಾಗಿ ಅರಳುಮರಳಿನ ವೇಷ ಹಾಕಿದ್ದರು. ನನಗೆ ಅಳು ಬಂತು.

"ಹೌದು" ಎಂದೆ. ಅಷ್ಟು ಸಾಲದೇನೋ ಎಂಬ ಹೆದರಿಕೆಗೆ ಮಾತು ತಾನಾಗಿ ಬಂತು. "ಚಹಾಕ್ಕೆ ಉಪ್ಪು ಹಾಕ್ತಾರೆ. ಒಲೆ ಹಚ್ಚಿ ಹಾಗೇ ಎದ್ದು ಹೋಗ್ತಾರೆ. ನಮ್ಮತ್ತೆ ತೀರಿಕೊಂಡು ಎಷ್ಟೋ ವರ್ಷ ಆಯ್ತು, ಒಂದೊಂದ್ಸಲ ಅವರಿಗೂ ತಟ್ಟೆ ಇಡು ಅಂತಾರೆ. ಇಡ್ತೀನಿ. ಇವರು ಉಂಡು ಎದ್ಮೇಲೆ ತೆಗೀತೀನಿ."

ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಅಧಿಕಾರಿ ಮೊಬೈಲಿನಲ್ಲಿ ಏನೋ ಒತ್ತಿ, "ಸಬ್ಸಿಡಿಗೆ ತೊಂದ್ರೆ ಇಲ್ಲ. ಇದನ್ನೆಲ್ಲ ಇವತ್ತೇ ಕಿತ್ತುಹಾಕಿ" ಎಂದು ಹೊರಟಳು.

ಜೀಪು ಕಣ್ಮರೆಯಾದ ಮೇಲೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಭಲೇ, ಸೊಸೆ ಅಂದ್ರೆ ಹೀಗಿರ್ಬೇಕು. ಆ ತಟ್ಟೆ ವಿಷಯ ಹೆಂಗೆ ಹೊಳೀತು ನಿಂಗೆ? ನಾನೇ ನಂಬಿಬಿಡ್ತಿದ್ದೆ."

ಜೊತೆಗೆ ನಗಬೇಕಿತ್ತು. ನಗು ಬರಲಿಲ್ಲ. ಬಗ್ಗಿ ಸಾಸಿವೆ ಕೀಳತೊಡಗಿದೆ. ಮಾವನ ನಗು ನಿಂತಿತು.

"ಸುಮ್ನೆ ಕಟ್ಟಿ ಹೇಳಿದ್ದಲ್ವಾ?"

"ಹೂಂ ಮಾವ. ಸುಮ್ನೆ."

"ನನ್ನ ಮುಖ ನೋಡಿ ಹೇಳಮ್ಮ."

ನಾನು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ಪಕ್ಕದ ಸಾಲಿನಲ್ಲಿ ಕೂತು, ತಾವೇ ಬಿತ್ತಿದ್ದನ್ನು ಒಂದೊಂದಾಗಿ ಕೀಳತೊಡಗಿದರು.