ಐದನೇ ಮಂಚದ ಗಾಯ

ಏಳು ವರ್ಷದ ಮಗಳಿಗೆ ಹೊಟ್ಟೆಯ ಆಪರೇಷನ್ ಆಗಿ ನಾಲ್ಕನೇ ದಿನಕ್ಕೆ ಹೊಲಿಗೆಯ ಸುತ್ತ ಕೆಂಪೇರಿತು. ಸಂಜೆಗೆ ಜ್ವರವೂ ಬಂತು. ಗಾಯಕ್ಕೆ ನಂಜು ಹತ್ತಿದೆ, ಔಷಧಿ ಬದಲಿಸುತ್ತೇವೆ ಎಂದರು ಡಾಕ್ಟರು. ಹೇಗೆ ಹತ್ತಿತೆಂದು ಯಾರೂ ಹೇಳಲಿಲ್ಲ.

ತಾಯಿಯ ಅನುಮಾನ ನೇರ ಅತ್ತೆಯ ಮೇಲೆ ಹೋಯಿತು. ಹಗಲೆಲ್ಲ ಮಂಚದ ಪಕ್ಕ ಕೂರುತ್ತಿದ್ದವರು ಅವರೇ. ಮೊಮ್ಮಗಳು ತುರಿಕೆ ಎಂದರೆ ಸಾಕು, ಕೈ ಬ್ಯಾಂಡೇಜಿನ ಮೇಲೆ. ಕೈ ತೊಳೆದಿರಾ ಎಂದರೆ ಆಗಲೇ ತೊಳೆದೆ ಎನ್ನುತ್ತಿದ್ದರು. ಸೋಪು ನೋಡಿದರೆ ಒಣಗಿಯೇ ಇರುತ್ತಿತ್ತು. ಹೇಳಿದರೆ ಮನೆ ಒಡೆಯುತ್ತದೆ, ಹೇಳದಿದ್ದರೆ ಮಗುವಿನ ಗತಿ? ಏನೋ ನೆಪ ಹೇಳಿ ಅತ್ತೆಯನ್ನು ಮನೆಗೆ ಕಳಿಸಿ, ತನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ, ತಾನೇ ಬಂದು ಕೂತಳು.

ಆದರೂ ಆರನೇ ದಿನ ಕೀವು ಕಂಡಿತು. ಪಕ್ಕದ ನಾಲ್ಕನೇ ಮಂಚದ ಕೂಸಿನ ಗಾಯದಲ್ಲೂ ಕೀವಿತ್ತು.

ಹಾವು ಕಂಡವಳಿಗೆ ಹಗ್ಗವೂ ಹಾವೇ. ನೆಲ ಒರೆಸುವವಳ ಬಕೆಟ್ಟು, ಡಾಕ್ಟರ ಕೋಟಿನ ತೋಳು, ಎಲ್ಲದರ ಮೇಲೂ ಅವಳಿಗೆ ಕಣ್ಣು. ಡ್ರೆಸ್ಸಿಂಗ್ ಮಾಡುವ ನರ್ಸಿನಲ್ಲಿ ಮಾತ್ರ ತಪ್ಪು ಸಿಗಲಿಲ್ಲ: ಕೈ ತೊಳೆಯುತ್ತಿದ್ದಳು, ಹೊಸ ಗ್ಲೌಸು ಹಾಕುತ್ತಿದ್ದಳು.

ಮರುದಿನ ನರ್ಸು ನಾಲ್ಕನೇ ಮಂಚದಲ್ಲಿದ್ದಾಗಿನಿಂದಲೇ ತಾಯಿ ನೋಡತೊಡಗಿದಳು. ನರ್ಸು ಟೇಪಿನ ಸುರುಳಿಯಿಂದ ನಾಲ್ಕು ಪಟ್ಟಿ ಹರಿದು, ಕೈಗೆ ಸಿಗಲೆಂದು ಆ ಮಂಚದ ಸರಳಿಗೆ ಅಂಟಿಸಿದಳು. ಆ ಕೂಸಿಗೆ ಎರಡೇ ಸಾಕಾದವು. ಉಳಿದೆರಡನ್ನು ಕಿತ್ತು ಮಗಳಿದ್ದ ಐದನೇ ಮಂಚಕ್ಕೆ ತಂದಳು.

"ಸಿಸ್ಟರ್, ಆ ಪಟ್ಟಿ ಅಲ್ಲೀದು."

"ಅದು ಗಾಯಕ್ಕೆ ತಾಗಲ್ಲಮ್ಮ, ಬಟ್ಟೆ ಮೇಲೆ ಅಂಟಿಸೋದು."

"ಅದನ್ನ ಮುಟ್ಟಿದ ಕೈಯಲ್ಲೇ ಗಾಯ ಮುಟ್ತೀರಲ್ಲ."

ನರ್ಸು ಗ್ಲೌಸು ಕಳಚಿ ಹೋಗಿ, ಹೆಡ್ ನರ್ಸನ್ನು ತಾನೇ ಕರೆತಂದಳು.

ಎಲ್ಲ ಮಂಚಕ್ಕೂ ಬಳಸುತ್ತಿದ್ದ ಆ ಒಂದೇ ಸುರುಳಿಯನ್ನು ಪರೀಕ್ಷೆಗೆ ಕಳಿಸಿದರು. ಇಬ್ಬರು ಮಕ್ಕಳ ಕೀವಿನಲ್ಲಿದ್ದ ರೋಗಾಣುವೇ ಅದರಲ್ಲೂ ಸಿಕ್ಕಿತು. ದಾರಿ ಇದೊಂದೇ ಎಂದು ಹೇಳಲಾಗದು ಎಂದರು ಹೆಡ್ ನರ್ಸ್. ಆದರೆ ಅಂದಿನಿಂದ ಒಂದೊಂದು ಮಂಚಕ್ಕೂ ಬೇರೆ ಸುರುಳಿ ಬಂತು, ಸರಳಿಗೆ ಪಟ್ಟಿ ಅಂಟಿಸುವುದು ನಿಂತಿತು. ಮಗಳ ಗಾಯ ಮಾಯಲು ಇನ್ನೂ ಹನ್ನೆರಡು ದಿನ ಹಿಡಿಯಿತು.

ಮನೆಗೆ ಹೊರಡುವ ದಿನ ಅತ್ತೆ ಬಂದರು. ಬಟ್ಟೆ ಮಡಿಸುತ್ತಾ ಕೇಳಿದರು: "ನನ್ನನ್ನ ಆವತ್ತು ಮನೆಗೆ ಕಳಿಸಿದ್ದು ಅನುಮಾನದಿಂದ ತಾನೆ?"

ತಾಯಿ ಸುಳ್ಳು ಹೇಳಲಿಲ್ಲ. "ಹೌದು ಅತ್ತೆ."

"ಬಾಯಿ ಬಿಟ್ಟು ಹೇಳಬಹುದಿತ್ತು."

ಅಷ್ಟೇ ಹೇಳಿ ಅವರು ಮೊಮ್ಮಗಳ ಕೈ ಹಿಡಿದು ನಿಧಾನಕ್ಕೆ ಮೆಟ್ಟಿಲಿಳಿದರು. ತಾಯಿ ಎರಡೂ ಚೀಲ ಹೊತ್ತು ಹಿಂದೆ ನಡೆದಳು.