ಸೋಮವಾರಕ್ಕೆ ಇಟ್ಟ ಅಧ್ಯಾಯ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಊಟಿಗೆ ಹೋಗುವವರು ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಅದು. ಐವತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ನನ್ನ ಕೈಗೆ ಸಿಕ್ಕಿತು. ನಾನು ಚಾಮರಾಜನಗರದಲ್ಲಿ ಸ್ಕೂಲ್ ಮೇಷ್ಟ್ರು. ಶ್ರಾವಣ ಬಂದರೆ ಹರದನಹಳ್ಳಿಗೆ ಹೋಗಿ ಪುರಾಣ ಓದುವವನು. ಇಂಥದ್ದು ನನಗೆ ಸೇರದು ಅಂದುಕೊಂಡೇ ಶುರುಮಾಡಿದೆ. ಪತ್ತೇದಾರ ಬೆಳಗ್ಗೆಯೇ ಕುಡಿಯುತ್ತಾನೆ, ಒದೆ ತಿನ್ನುತ್ತಾನೆ, ಬಾಯಿ ಬಿಟ್ಟರೆ ಕುಹಕ. ಆದರೆ ಊರಿಗೆ ಊರೇ ಸುಳ್ಳು ಹೇಳುವಾಗ ಅವನೊಬ್ಬ ಸುಳ್ಳು ಹೇಳುವುದಿಲ್ಲ. ಆ ಒಂಟಿ ಪ್ರಾಣಿಯ ಮೇಲೆ ನನಗೆ ಎಲ್ಲಿಲ್ಲದ ಪ್ರೀತಿ ಬಂತು.

ಪಕ್ಕದ ಮನೆಯ ಟೈಲರ್ ಯೂನುಸನ ಹೆಂಡತಿ ನಾಸಿರಾ ಕ್ಷಯ ಹಿಡಿದು ಮಲಗಿದ್ದಳು. ಅವಳಿಗೆ ಹೊತ್ತು ಹೋಗಲೆಂದು ದಿನಾ ಸಂಜೆ ಯೂನುಸನ ಜೊತೆ ಪರದೆಯ ಈಚೆ ಕೂತು ಆ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಕೆಮ್ಮು ತಡೆದುಕೊಂಡು ಕೇಳುತ್ತಿದ್ದಳು. ಆರನೆಯ ದಿನ ಪರದೆಯ ಆಚೆಯಿಂದ, "ಕೊಂದೋಳು ಆ ಅಳೋ ಹೆಂಗ್ಸೇ ಕಣಣ್ಣಾ. ನಿಜವಾಗ್ಲೂ ಸಂಕಟ ಇರೋರು ಅಷ್ಟು ಚೆಂದಾಗಿ ಅಳಾಕಿಲ್ಲ" ಅಂದಳು.

ನಾನು ಪುಸ್ತಕ ಮೊದಲೇ ಮುಗಿಸಿದ್ದೆ. ಅವಳು ಹೇಳಿದ್ದೇ ಸರಿ. ಆದರೆ ಗುಟ್ಟು ಬಿಟ್ಟುಕೊಟ್ಟರೆ ಕಥೆಯ ರುಚಿ ಕೆಡುತ್ತದಲ್ಲ! ಮಹಾ ಜಾಣನ ಹಾಗೆ ನಕ್ಕು, "ತಪ್ಪು ಕಣಮ್ಮ, ಇನ್ನೂ ಯೋಚನೆ ಮಾಡು" ಅಂದೆ.

ಶನಿವಾರದ ಹೊತ್ತಿಗೆ ಕೊನೆಯ ಅಧ್ಯಾಯ ಒಂದೇ ಉಳಿದಿತ್ತು. "ಇವತ್ತೇ ಹೇಳ್ಬುಡಣ್ಣಾ" ಅಂದಳು. ಪುರಾಣದ ಕೊನೆಯ ಅಧ್ಯಾಯ ಓದಿ ಮಂಗಳ ಹಾಡುವುದನ್ನು ನಾನು ಯಾವತ್ತೂ ಸೋಮವಾರಕ್ಕೇ ಇಟ್ಟುಕೊಂಡವನು, ಶಿವನ ವಾರ ಅಂತ. ಕೊಲೆಯ ಕಥೆಗೂ ಅದೇ ನೇಮ ಹಚ್ಚಿದೆ, ಪೆದ್ದ. ಕಾಯಿಲೆಯವಳ ಮುಂದೆ ಶನಿವಾರ ಕಥೆ ಮುಗಿಸಲು ಮನಸ್ಸು ಒಪ್ಪಲಿಲ್ಲ. "ಸೋಮವಾರ ಹೇಳ್ತೀನಮ್ಮ" ಅಂದೆ.

ಭಾನುವಾರ ಮಧ್ಯಾಹ್ನ ಅವಳು ಹೋದಳು. ಎಲ್ಲರ ಜೊತೆ ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದೆ.

ನಾಲ್ಕು ದಿನ ಕಳೆದು ಯೂನುಸ್ ಬಾಗಿಲಿಗೆ ಬಂದ.

"ಮೇಷ್ಟ್ರೇ, ಕೊಂದೋರು ಯಾರು? ಭಾನುವಾರ ಬೆಳಿಗ್ಗೇನೂ ಅದೇ ಮಾತಾಡ್ತಿದ್ಲು. ಪಾಪ, ಆ ಹೆಂಗ್ಸಿನ ಮೇಲೆ ಸುಮ್ಕೆ ಅನುಮಾನ ಪಟ್ಬುಟ್ಟೆ, ಅಲ್ಲಾ ಮಾಫ್ ಮಾಡ್ಲಿ ಅಂತ."

ಆ ಕುಡುಕ ಪತ್ತೇದಾರ ನನ್ನ ಜಾಗದಲ್ಲಿ ಇದ್ದಿದ್ದರೆ ಆರನೆಯ ದಿನವೇ ನಿಜ ಹೇಳಿರುತ್ತಿದ್ದ.

"ಅವಳು ಹೇಳಿದ್ದೇ ಸರಿ, ಯೂನುಸ್. ಸುಳ್ಳು ಹೇಳಿದೋನು ನಾನು."

ಅವನು ಮೆಟ್ಟಿಲು ಇಳಿದು ತಿರುಗಿ ನಿಂತ.

"ಅವ್ಳ್‌ಗೆ ಹೇಳ್ಬೇಕಾಗಿತ್ತು, ಮೇಷ್ಟ್ರೇ" ಅಂದು ಹೊರಟುಹೋದ.