ಟಿಚ್ಚೆ

ಕೆಂಪು ಪೆನ್ಸಿಲ್ಲು ಅಲ್ಲೇ ನಿಂತುಬಿಟ್ಟಿತು. ನೀಲಮ್ಮ ಪ್ರೂಫಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು. 'ಅವ್ವಾ, ಅಲ್ನೋಡು, ಟಿಚ್ಚೆ!' ಎಂದು ಕಾದಂಬರಿಯೊಳಗಿನ ಮಗು ದಾಸವಾಳದ ಗಿಡದ ಕಡೆ ಕೈತೋರಿಸುತ್ತಿತ್ತು.

ಅಚ್ಚಿನ ತಪ್ಪು ಎಂದುಕೊಂಡು ತಿದ್ದಿ ಮುಂದೆ ಹೋಗಬಹುದಿತ್ತು. ಆದರೆ ಪ್ರೆಸ್ಸಿನ ಮನೆಗೆ ಸೊಸೆಯಾಗಿ ಬಂದವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಅಚ್ಚಿನ ಮೊಳೆಗಳು ಹಿಂದುಮುಂದಾದರೆ 'ಚಿಟ್ಟೆ' ಹೋಗಿ 'ಟ್ಟೆಚಿ' ಆದೀತು. 'ಟಿಚ್ಚೆ' ಆಗಬೇಕಾದರೆ ಬೇರೆಯದೇ ಮೊಳೆಗಳನ್ನು ಆರಿಸಿ ತಂದು ಕೂರಿಸಬೇಕು. ಸಾಲದ್ದಕ್ಕೆ ಮುಂದಿನ ಪುಟದಲ್ಲಿ ಇನ್ನೂ ಎರಡು ಕಡೆ ಅದೇ ಮಾತು.

ಆ ಮಾತು ಅವಳ ಮಗಳದು. ಶಿವಗಂಗೆ ಚಿಟ್ಟೆಯನ್ನು ಹಾಗೆ ಕರೆಯುತ್ತಿದ್ದಳು. ಮೂರು ತುಂಬುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಅದಾಗಿ ಎರಡು ವರ್ಷ. ಆಮೇಲೆ ಆ ಮನೆಯಲ್ಲಿ ಮಗುವಿನ ಹೆಸರೇ ಇಲ್ಲ, ಇನ್ನು ಅದರ ಮಾತೆಲ್ಲಿ ಬಂತು. ಗೊತ್ತಿದ್ದವರು ಇಬ್ಬರೇ: ಒಬ್ಬಳು ತಾನು, ಇನ್ನೊಬ್ಬ ಗಂಡ ರುದ್ರಸ್ವಾಮಿ. ತಾನಂತೂ ಯಾರಿಗೂ ಹೇಳಿಲ್ಲ.

ನೀಲಮ್ಮನಿಗೆ ಅನುಮಾನ ಹೊಸದೇನಲ್ಲ. ಹಾಲಿನವಳ ಚೊಂಬಿಗೆ ಬೆರಳದ್ದಿ ನೋಡದೆ ಹಾಲು ತಗೊಂಡವಳಲ್ಲ. ಜಂಗಮರು ಭಿಕ್ಷೆಗೆ ಬಂದರೂ ಯಾವ ಮಠ, ಯಾವ ಊರು ಎಂದು ವಿಚಾರಿಸಿದ ಮೇಲೇ ಜೋಳಿಗೆಗೆ ಹಾಕುವವಳು. ಆದರೆ ಈ ಅನುಮಾನವನ್ನು ಬೆರಳದ್ದಿ ನೋಡುವ ಹಾಗಿರಲಿಲ್ಲ.

ಅಗ್ರಹಾರದ ಆ ಮನೆಯ ಮುಂದಿನ ಪಡಸಾಲೆಯೇ ಪ್ರೆಸ್ಸು. ಜೇನು ಸಾಕುವುದು ಹೇಗೆ, ಹಾವು ಕಚ್ಚಿದರೆ ಏನು ಮಾಡಬೇಕು, ಕಾಶಿಗೆ ಹೋಗಿಬಂದ ಮೇಷ್ಟರ ಅನುಭವ, ನಾಟಕ, ಕಾದಂಬರಿ ಎಲ್ಲಾ ಅಲ್ಲಿಂದ ಪುಸ್ತಕವಾಗಿ ಹೊರಟಿದ್ದವು. "ದೊಡ್ಡ ಪ್ರಕಾಶಕರು ಬೇಡ ಅಂದಿದ್ನ ನಾವು ಮಾಡೋಣ ಕಣೇ" ಎನ್ನುವುದು ರುದ್ರಸ್ವಾಮಿಯ ಹುಚ್ಚು. ಮದುವೆಯ ಹೊಸತರಲ್ಲಿ ಅವಳಿಗೂ ಪ್ರೂಫು ತಿದ್ದುವುದನ್ನು ಕಲಿಸಿದ್ದ. ತಪ್ಪಾದರೆ ಹೀಗೆ ಹೊಡೆದುಹಾಕು. ಹೊಡೆದದ್ದನ್ನು ಉಳಿಸಬೇಕು ಅನ್ನಿಸಿದರೆ ಕೆಳಗೆ ಚುಕ್ಕಿ ಇಟ್ಟು ಅಂಚಿನಲ್ಲಿ 'ಇರಲಿ' ಎಂದು ಬರೆ.

ಈ ಕಾದಂಬರಿ ಬರೆದಾಕೆ ಮಂಗಳಮ್ಮ. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ವಿಧವೆ. ತಿದ್ದುಪಡಿ, ತಿದ್ದುಪಡಿ ಎಂದು ರುದ್ರಸ್ವಾಮಿ ಸೈಕಲ್ ಹತ್ತಿ ಬನ್ನಿಮಂಟಪದ ಅವಳ ಮನೆಗೆ ಹೋಗಿಬರುತ್ತಿದ್ದ. ಹೋಗಲಿ, ಅದರಲ್ಲೇನೂ ಇಲ್ಲ ಎಂದು ನೀಲಮ್ಮ ಇಷ್ಟು ದಿನ ಸುಮ್ಮನಿದ್ದಳು. ಈಗ ಬೇರೊಂದು ನೆನಪಾಯಿತು. ಮಗುವನ್ನು ಮಣ್ಣು ಮಾಡಿದ ಮಾರನೆಯ ದಿನವೇ ಈ ಮಹಾಶಯ ಜೇನಿನ ಪುಸ್ತಕದ ಪ್ರೂಫು ಹಿಡಿದು ಕೂತಿದ್ದ. ಒಂದು ಹನಿ ಕಣ್ಣೀರಿಲ್ಲ. ಆ ಪುಸ್ತಕ ತಪ್ಪುಗಳ ಸಂತೆಯಾಗಿ ಹೊರಬಂದು ಊರೆಲ್ಲ ನಕ್ಕಾಗ ಅವಳಿಗೆ ಒಳಗೊಳಗೇ ಸಮಾಧಾನವಾಗಿತ್ತು. ಮನೆಯಲ್ಲಿ ಅಳದವನು ಅಳುವುದಕ್ಕೆ ಬನ್ನಿಮಂಟಪದಲ್ಲಿ ಮನೆ ಹುಡುಕಿಕೊಂಡನೇ?

ರಾತ್ರಿ ಊಟಕ್ಕೆ ಬಡಿಸುತ್ತಾ ಮೆಲ್ಲಗೆ ಕೆದಕಿದಳು.

"ಮಂಗಳಮ್ಮನೋರಿಗೆ ಮಕ್ಕಳಿದಾವೇನ್ರೀ?"

"ಇದ್ದ ಹಾಗಿಲ್ಲ. ಯಾಕೆ?"

"ಮಕ್ಕಳ ಮಾತು ಅಷ್ಟು ಚೆನ್ನಾಗಿ ಬರ್ದಿದಾರಲ್ಲ. ಯಾರೋ ಹೇಳ್ಕೊಟ್ಟಿರ್ಬೇಕು."

"ಬರೆಯೋರಿಗೆ ಯಾರು ಹೇಳ್ಕೊಡ್ತಾರೆ? ಸಾರು ಹಾಕು."

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ತಪ್ಪು ಮಾಡಿದವನ ಲಕ್ಷಣ ಎಂದು ನೀಲಮ್ಮ ತೀರ್ಮಾನಿಸಿದಳು. ಅವನು ಊಟಕ್ಕೆ ಕೂತಾಗ ಎಂದೂ ತಲೆ ಎತ್ತಿದವನಲ್ಲ ಎನ್ನುವುದು ಆ ಹೊತ್ತಿಗೆ ಅವಳಿಗೆ ಹೊಳೆಯಲಿಲ್ಲ.

ಮಾರನೆಯ ದಿನ ಅವನು ಕಾಗದ ತರಲು ಪೇಟೆಗೆ ಹೋದದ್ದೇ ತಡ, ಪ್ರೂಫನ್ನು ಸೆರಗಿನಡಿ ಇಟ್ಟುಕೊಂಡು ಜಟಕಾ ಹತ್ತಿದಳು.

ಮಂಗಳಮ್ಮನ ಮುಖದಲ್ಲೂ ಅನುಮಾನವೇ. "ಏನು, ನೀವೇ ಬಂದ್ಬುಟ್ರಿ? ಪುಸ್ತಕ ಮಾಡಲ್ಲ ಅಂತ ಹೇಳಿಕಳಿಸಿದ್ರಾ? ಆಗಲ್ಲ ಅನ್ನೋದಾದ್ರೆ ಮೊದಲೇ ಅನ್ಬೇಕಿತ್ತು."

"ಅಯ್ಯೋ, ಅದಲ್ಲ. ಈ ಮಾತು ನಿಮಗ್ಯಾರು ಹೇಳಿದ್ದು?" ನೀಲಮ್ಮ ಹಾಳೆ ಮುಂದಿಟ್ಟು ಬೆರಳಿಟ್ಟು ತೋರಿಸಿದಳು.

ಮಂಗಳಮ್ಮ ಕನ್ನಡಕ ಏರಿಸಿ ನೋಡಿದಳು. "ಟಿಚ್ಚೆ? ಏನ್ರೀ ಇದು! ನಾನು ಬರ್ದಿರೋದು ಚಿಟ್ಟೆ. ನಿಮ್ಮ ಪ್ರೆಸ್ಸಲ್ಲಿ ಮೊಳೆ ಜೋಡಿಸೋರು ಕಣ್ಮುಚ್ಕೊಂಡು ಜೋಡಿಸ್ತಾರಾ?" ಎಂದು ನೀಲಿ ಶಾಯಿಯ ಪೆನ್ನು ತೆಗೆದು ಮೂರು ಕಡೆಯೂ ಸರಸರನೆ ಹೊಡೆದುಹಾಕಿದಳು.

ನೀಲಮ್ಮ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ನಮ್ಮ ಮಗಳು ಹಾಗನ್ನೋಳು" ಎಂದಳು. "ಈಗಿಲ್ಲ."

ಮಂಗಳಮ್ಮ ಪೆನ್ನು ಕೆಳಗಿಟ್ಟು, "ಶಿವನಾಣೆ, ನನಗ್ಯಾರೂ ಹೇಳಿಲ್ಲ ಕಣಮ್ಮ. ನಿಮ್ಮೆಜಮಾನ್ರು ಇಲ್ಲಿಗೆ ಬಂದ್ರೆ ಅಲ್ಪವಿರಾಮ, ಪೂರ್ಣವಿರಾಮ ಬಿಟ್ಟು ಬೇರೆ ಮಾತಾಡಿದೋರಲ್ಲ. ಮಗಳಿದ್ಳು ಅಂತಾನೂ ನನಗೆ ಗೊತ್ತಿರ್ಲಿಲ್ಲ" ಎಂದಳು. ಬಾಗಿಲವರೆಗೂ ಬಂದು, "ಒಂದು ಕಡೆ ಮಗುವಿನ ಬಾಯಲ್ಲೇ ಬರುತ್ತೆ ಆ ಮಾತು. ಅದೊಂದು ನಿಮ್ಮಿಷ್ಟ. ನಾನೇನೂ ಅನ್ನಲ್ಲ" ಎಂದು ಸೇರಿಸಿದಳು.

ಜಟಕಾದಲ್ಲಿ ಕೂತು ನೀಲಮ್ಮ ಸಮಾಧಾನಪಡಬೇಕಿತ್ತು. ಪಡಲಿಲ್ಲ. ಮಗಳಿದ್ದಳು ಎಂದು ಸಹ ಹೇಳಿಲ್ಲವಂತೆ! ಅಷ್ಟು ಸಲೀಸಾಗಿ ಮರೆತುಬಿಟ್ಟನೇ ಈ ಮನುಷ್ಯ ಎಂದು ಇನ್ನೊಂದು ಬಗೆಯಲ್ಲಿ ಉರಿಯಿತು. ಹಾಗಾದರೆ ಆ ಮಾತು ಬಂದದ್ದಾದರೂ ಎಲ್ಲಿಂದ? ಮೊಳೆ ಜೋಡಿಸುವ ಹುಚ್ಚಣ್ಣನೇ? ಅವನು ಕೆಲಸಕ್ಕೆ ಸೇರಿದ್ದು ಹೋದ ದಸರಾ ಆದಮೇಲೆ. ಮಗುವನ್ನು ಕಂಡವನೇ ಅಲ್ಲ.

ಹಿತ್ತಲ ಬಾಗಿಲಿಂದ ಒಳಗೆ ಬಂದಾಗ ಪ್ರೆಸ್ಸಿನಲ್ಲಿ ಓದು ಸಾಗಿತ್ತು. ಹುಚ್ಚಣ್ಣನ ಕಣ್ಣಿಗೆ ಪೊರೆ ಬಂದು ಕೈಬರಹ ಕಾಣುತ್ತಿರಲಿಲ್ಲ. ಯಾವ ಮೊಳೆ ಎಲ್ಲಿದೆ ಎನ್ನುವುದು ಮಾತ್ರ ಕೈಗೆ ಗೊತ್ತಿತ್ತು. ಹಾಗಾಗಿ ರುದ್ರಸ್ವಾಮಿ ಹಸ್ತಪ್ರತಿ ಓದಿ ಹೇಳುವುದು, ಅವನು ಕೇಳಿಕೊಂಡು ಜೋಡಿಸುವುದು. ಅಡುಗೆಮನೆಯಲ್ಲಿದ್ದ ನೀಲಮ್ಮನಿಗೆ ಆ ಓದು ದಿನವೂ ಬೀಸುವ ಕಲ್ಲಿನ ಸದ್ದಿನಂತೆ ಕಿವಿಯ ಮೇಲೆ ಹಾದುಹೋಗುತ್ತಿತ್ತು. ಇವತ್ತು ಮೊದಲ ಸಲ ಕದದ ಹಿಂದೆ ನಿಂತು ಕೇಳಿದಳು.

"ಮಗುವಿಗೆ ನಿದ್ದೆ ಹತ್ತಿತ್ತು. ಕಿಟಕಿಯ ಸರಳಿನ ಮೇಲೆ ಹಳದಿ ಟಿಚ್ಚೆಯೊಂದು ಬಂದು ಕೂತಿತು..." ರುದ್ರಸ್ವಾಮಿಯ ದನಿ ಎಲ್ಲೂ ತಡವರಿಸಲಿಲ್ಲ.

"ಆವತ್ತೂ ಅಂಗೇ ಅಂದ್ರಿ ಅಯ್ಯಾ" ಎಂದ ಹುಚ್ಚಣ್ಣ. "ಏನಂದ್ರಿ, ಟಿಚ್ಚೆನಾ?"

"ಟಿಚ್ಚೆ ಕಣಯ್ಯ. ರೆಕ್ಕೆ ಇರುತ್ತಲ್ಲ, ಹೂವಿನ ಮೇಲೆ ಕೂರುತ್ತಲ್ಲ, ಟಿಚ್ಚೆ. ಅಷ್ಟೂ ಗೊತ್ತಿಲ್ವಾ ನಿನಗೆ?"

"ನಮ್ಮ ಕಡೆ ಬೇರೆ ಅಂತೀವಿ. ಆಗ್ಲಿ ಬುಡಿ, ನೀವು ಯೋಳಿದ್ನ ನಾನು ಜೋಡಿಸ್ತೀನಿ."

"ಜೋಡಿಸು ಮತ್ತೆ. ಮುಂದೆ ಓದ್ಲಾ?"

ನೀಲಮ್ಮ ಕದಕ್ಕೆ ಒರಗಿದಳು. ಹಿತ್ತಲಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, 'ಎಲ್ಲವ್ವಾ ಟಿಚ್ಚೆ, ಇಲ್ಲಿತ್ತಲ್ಲವ್ವಾ ಟಿಚ್ಚೆ' ಎಂದು ಗಿಡದಿಂದ ಗಿಡಕ್ಕೆ ಓಡುತ್ತಿದ್ದವನು ಇವನೇ. ಮಗುವಿಗೆ ತಪ್ಪು ಮಾತು ಕಲಿಸಬೇಡಿ ಎಂದು ತಾನೇ ಗದರಿದ್ದಳು. ಅವನು ಅದನ್ನು ತಿದ್ದಿಕೊಂಡೇ ಇರಲಿಲ್ಲ. ಎಂಥ ಕೆಟ್ಟವಳು ನಾನು, ಎರಡು ವರ್ಷ ಒಂದೇ ಮನೆಯಲ್ಲಿದ್ದು ಇವರನ್ನು ಕಲ್ಲು ಅಂದುಕೊಂಡೆನಲ್ಲ ಎಂದು ಸಂಕಟವಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಂಜೆ ದೀಪ ಹಚ್ಚುವ ಮೊದಲು ಪ್ರೂಫು ತಂದು ಮುಂದಿಟ್ಟುಕೊಂಡಳು. ನೀಲಿ ಶಾಯಿಯ ಗೆರೆಗಳನ್ನು ನೋಡಿದಳು. ಎರಡನ್ನು ಹಾಗೇ ಬಿಟ್ಟಳು. ದಾಸವಾಳದ ಗಿಡದ ಹತ್ತಿರ ಮಗು ಕೂಗುವ ಕಡೆ, ಹೊಡೆದ ಮಾತಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಒಂದೊಂದೇ ಚುಕ್ಕಿ ಇಟ್ಟು ಅಂಚಿನಲ್ಲಿ ಬರೆದಳು. ಹಾಳೆಯನ್ನು ಗಂಡನ ಮೇಜಿನ ಮೇಲಿಟ್ಟು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು.

ಸ್ವಲ್ಪ ಹೊತ್ತಿಗೆ ಆಚೆ ತಿದ್ದುಪಡಿ ಹೇಳುವುದು ಶುರುವಾಯಿತು. "ಎರಡನೇ ಸಾಲು, ಒಂದು ಅಲ್ಪವಿರಾಮ. ಐದನೇ ಸಾಲು, 'ಗಿಡದ' ಅಂತಾಗ್ಬೇಕು. ಆರನೇ ಸಾಲು..."

ದನಿ ನಿಂತಿತು. ಅಕ್ಕಿಯೊಳಗಾಡುತ್ತಿದ್ದ ನೀಲಮ್ಮನ ಕೈಯೂ ನಿಂತಿತು. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆದುಕೊಂಡು ಹೋದರು.

"ಆರನೇ ಸಾಲು ಏನಯ್ಯಾ?" ಎಂದ ಹುಚ್ಚಣ್ಣ. "ಅಯ್ಯಾ? ತೆಗೀಬೇಕಾ?"

ಕುರ್ಚಿ ಸರಿದ ಸದ್ದಾಯಿತು. ಆಮೇಲೆ ರುದ್ರಸ್ವಾಮಿ, ಅವಳು ಈವರೆಗೆ ಕೇಳದ ದನಿಯಲ್ಲಿ, ಅಂಚಿನಲ್ಲಿದ್ದುದನ್ನು ಇದ್ದ ಹಾಗೆ ಓದಿದ.

"ಇರಲಿ."